ಉತ್ತರೂ ಅಳಿಯದ ದಾರಿ

ಮುಂಗಾರಿನ ಮೊದಲ ಹದಮಳೆ ಬಿದ್ದರೆ ಹೊಲದವರು ಕಾಲ್ದಾರಿಯನ್ನೂ ಸೇರಿಸಿಯೇ ಉತ್ತುಬಿಡುತ್ತಿದ್ದರು. ನೇಗಿಲೆತ್ತಿ ದಾಟಿಸುವ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ. ಹಿಂದಿನ ಸಂಜೆಯವರೆಗೂ ಬೆಳ್ಳಗೆ, ಗಟ್ಟಿಯಾಗಿ ಬಿದ್ದುಕೊಂಡಿದ್ದ ದಾರಿ ಬೆಳಗಾಗುವಷ್ಟರಲ್ಲಿ ಕೆಂಪು ಹೆಂಟೆಗಳ ಕೆಳಗೆ ಮಾಯ. ನಾನು ಬದುವಿನ ಮೇಲೆ ದಿಕ್ಕು ತೋಚದೆ ನಿಂತರೆ, ತಲೆಯ ಮೇಲೆ ಬುಟ್ಟಿ ಹೊತ್ತ ಅಜ್ಜಿ ನಿಲ್ಲದೆ ಹೆಂಟೆ ತುಳಿದುಕೊಂಡೇ ಹೊರಟುಬಿಡುತ್ತಿದ್ದಳು. "ನಡಿ ಮಗ, ಉತ್ರೆ ದಾರಿ ಎಲ್ಲೋಯ್ತದೆ?"

ಎಲ್ಲಿಗೂ ಹೋಗುತ್ತಿರಲಿಲ್ಲ. ಎಂಟು ದಿನದಲ್ಲಿ ಅದೇ ಜಾಗದಲ್ಲಿ ಅದೇ ವಕ್ರದಲ್ಲಿ ಮತ್ತೆ ಮೂಡುತ್ತಿತ್ತು. ಆ ಒಂದು ಮೊಳದಗಲದಲ್ಲಿ ಹುಟ್ಟಿದ ರಾಗಿ ಪೈರು ಕಾಲಿಗೆ ಸಿಕ್ಕಿ ಸಾಯುತ್ತದೆಂದು ಹೊಲದವನಿಗೆ ಗೊತ್ತು, ಆದರೂ ಆಚೆ ಬದುವಿನಿಂದ ಅವನು ಕೇಳುತ್ತಿದ್ದುದು "ಎತ್ತಲಾಗಿಂದ ಬಂದ್ರಿ?" ಎಂದಷ್ಟೆ. ಕಾರ್ತೀಕದಲ್ಲಿ ಎರಡೂ ಕಡೆಯ ತೆನೆ ಬಾಗಿ ಮಂಡಿಗೆ ಮಂಜು ತಗುಲುತ್ತಿತ್ತು. ಮನೆ ಸೇರಿದ ಮೇಲೆ ಲಂಗ ಚಡ್ಡಿಗಳಿಗೆ ಅಂಟಿದ ಉತ್ತರಾಣಿ ಕೀಳುವುದೇ ಒಂದು ಕೆಲಸ.

ನಮ್ಮ ದಾರಿ ಅಜ್ಜಿಯ ಊರಿನ ಕೆರೆ ಏರಿ ಇಳಿದು, ಒಂದು ಹೊಂಗೆ ಮರ ಬಳಸಿಕೊಂಡು, ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪಿಗೆ ಹೋಗುತ್ತಿತ್ತು. ಚೋಳರ ಕಾಲದ ಮರಗಳೆಂದು ಹಿರಿಯರು ಹೇಳುತ್ತಿದ್ದ ತೋಪು. ಹುಡುಗರು ಅಡಗಿ ಕೂರುವಷ್ಟು ದೊಡ್ಡ ಪೊಟರೆಗಳು, ಪಾಳುಬಿದ್ದ ಚೆನ್ನಕೇಶವನ ಗುಡಿ, ಗಂಗಮ್ಮ. ಶಿವರಾತ್ರಿಯ ಆಸುಪಾಸಿನಲ್ಲಿ ಗಂಡಸರು ಕೊಂಬೆ ಏರಿ ಅಲುಗಿಸಿದರೆ ಕೆಳಗೆ ಹೆಂಗಸರ ಮಡಿಲು ತುಂಬುತ್ತಿತ್ತು. ವಾಪಸು ಬರುವಾಗ ಮೂಟೆಗಳಿಂದ ಉದುರಿದ ಬೀಜ ದಾರಿಯುದ್ದಕ್ಕೂ ಬಿದ್ದಿರುತ್ತಿದ್ದವು. ನಾವು ಅವನ್ನು ಆಯ್ದು, ಕಲ್ಲಿಗೆ ಉಜ್ಜಿ, ಒಂದು ಮಗ್ಗುಲು ಬಿಳಿ ಮಾಡಿಕೊಂಡು ಬೇಸಿಗೆಯೆಲ್ಲ ಚೌಕಾಬಾರ ಆಡುತ್ತಿದ್ದೆವು. ಅದೇ ದಾರಿಯಲ್ಲಿ ರೇಷ್ಮೆ ಗೂಡಿನ ಗಂಟು ಹೊತ್ತು ಹತ್ತಿರದ ವಿಜಯಪುರದ ಮಾರುಕಟ್ಟೆಗೆ ಹೊರಟವರೂ ಎದುರಾಗುತ್ತಿದ್ದರು.

2007ರಲ್ಲಿ ಐವತ್ತಕ್ಕೂ ಹೆಚ್ಚು ಎಕರೆಯ ಆ ತೋಪು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಮುಂದಿನ ವರ್ಷದ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಮರಗಳಿಗೆ ಮಾನ ಬಂತು, ಮಣ್ಣಿಗೆ ಬೆಲೆ ಬಂತು, ನಡುವಿನ ಕಾಲ್ದಾರಿ ಯಾರ ಲೆಕ್ಕಕ್ಕೂ ಬರಲಿಲ್ಲ. ಅದೇ ದೇವನಹಳ್ಳಿ ಸೀಮೆಯ ಚನ್ನರಾಯಪಟ್ಟಣ ಹೋಬಳಿಯ ರೈತರು ವರ್ಷಗಟ್ಟಲೆ ಧರಣಿ ಕೂತು ಸರ್ಕಾರದ 1,777 ಎಕರೆಯ ಭೂಸ್ವಾಧೀನವನ್ನು 2025ರ ಜುಲೈನಲ್ಲಿ ಕೈಬಿಡಿಸಿದರು. ಹೊಲ ಉಳಿಸಿಕೊಳ್ಳಲು ಅಷ್ಟು ಪಾಡು. ಇನ್ನು ಮೊಳದಗಲದ ದಾರಿಗಾಗಿ ಧರಣಿ ಕೂರುವವರು ಯಾರು?

ಹೋದ ವರ್ಷ ಹೋದಾಗ ಕೆರೆ ಏರಿ ಇಳಿದು ಮೂರನೆಯ ಹೊಲಕ್ಕೆ ನಿಂತೆ. ಎದುರಿಗೆ ಕಾಂಪೌಂಡು, ನೀಲಿ ತಗಡಿನ ಗೇಟು. ಜೊತೆಗಿದ್ದ ಅಣ್ಣನ ಮಗ ಮೊಬೈಲಿನಲ್ಲಿ ಗ್ರಾಮ ನಕಾಶೆ ತೆಗೆದ. ನಕಾಶೆಯಲ್ಲಿ ಬಂಡಿದಾರಿಗೆ ಜೋಡಿ ಗೆರೆ, ಕಾಲ್ದಾರಿಗೆ ಒಂಟಿ, ಎರಡೂ ತುಂಡುತುಂಡು. "ಇಲ್ಲೇ ಇದೆಯಲ್ಲ ಅತ್ತೆ, ಗೋಡೆಯ ಅಡಿಗೇ ಹೋಗ್ತಿದೆ!" ನಕಾಶೆಯಲ್ಲಿ ಕಂಡ ದಾರಿ ಬಿ ಖರಾಬು, ಎಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಮಾರುವಂತಿಲ್ಲ. 1964ರ ಭೂಕಂದಾಯ ಕಾಯ್ದೆಯ 67ನೆಯ ಕಲಮಿನ ಪ್ರಕಾರ ಸಾರ್ವಜನಿಕ ದಾರಿ ಸರ್ಕಾರದ್ದು. ಆದರೆ ಆ ಗೆರೆ ಹೊಂಗೆ ಮರದವರೆಗೆ ಬಂದು ನಿಂತುಹೋಗಿತ್ತು. ಅಲ್ಲಿಂದಾಚೆ ತೋಪಿನವರೆಗಿನದು ಬರೀ ಕಾಲುಗಳು ಬರೆದದ್ದು. ಅಂಥದಕ್ಕೆ 1882ರ ಅನುಭೋಗ ಹಕ್ಕುಗಳ ಕಾಯ್ದೆ ಇದೆ, ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ, ಹಕ್ಕಿನಿಂದ ನಡೆದದ್ದನ್ನು ತೋರಿಸಬೇಕು. ಸಾಕ್ಷಿ ಹೇಳಬೇಕಾದವಳು ಅದೇ ಕೆರೆಯ ಹಿಂದೆ ಮಣ್ಣಾಗಿದ್ದಾಳೆ.

ಹಾಗೆಂದು ಎಲ್ಲವೂ ಕೆಟ್ಟಿತೆನ್ನಲು ನಾಲಿಗೆ ಬರದು. 'ನಮ್ಮ ಹೊಲ ನಮ್ಮ ದಾರಿ' ಯೋಜನೆಯಲ್ಲಿ ನರೇಗಾ ಕೂಲಿಯಿಂದ ಎಷ್ಟೋ ಹೊಲಗಳಿಗೆ ರಸ್ತೆಯಾಗಿದೆ. ರಾಗಿ ಹೊರೆ ಹೊತ್ತು ಬಾಗಿದ್ದ ಅಜ್ಜಿಯ ಕತ್ತು ಕಂಡವಳು ನಾನು, ಟ್ರ್ಯಾಕ್ಟರು ಬೇಡವೆನ್ನಲೆ? ಆದರೆ ಟ್ರ್ಯಾಕ್ಟರಿನ ಅಗಲಕ್ಕೆ ಯೋಚಿಸಿದವರು ಪಾದದ ಅಗಲವನ್ನು ಮರೆತರು. ಇಂಗ್ಲೆಂಡಿನಲ್ಲಿ 1949ರ ಕಾಯ್ದೆ ಕಾಲ್ದಾರಿಗಳನ್ನೆಲ್ಲ ನಕ್ಷೆಗೆ ಏರಿಸಲು ಹೊರಟಿತಂತೆ. ಹೊಲದ ನಡುವೆ ಹಾದ ದಾರಿಯನ್ನು ರೈತ ಉಳಬಹುದು, ಆದರೆ ಬಿತ್ತನೆಗೆ ಉತ್ತರೆ ಹದಿನಾಲ್ಕು ದಿನದೊಳಗೆ ಮೊದಲಿನಂತೆ ಮಾಡಿಕೊಡಬೇಕೆಂದು ಅಲ್ಲಿನ ಕಾನೂನು. ಓದಿ ನಗು ಬಂತು. ನಮ್ಮಲ್ಲಿ ಎಂಟೇ ದಿನ ಸಾಕಾಗಿತ್ತು.

ಗೇಟಿನ ಕಾವಲಿನ ಹುಡುಗನಿಗೆ ಕನ್ನಡ ಬಾರದು. ತೋಪು ಎಂದರೆ ತಲೆಯಾಡಿಸಿದ, ಇಲ್ಲಿಂದ ದಾರಿಯಿಲ್ಲವೆಂದು ಕೈ ಮಾಡಿದ. ಕಾರಿಗೆ ಹಿಂತಿರುಗುವಾಗ ಗೋಡೆಯ ಬುಡದಲ್ಲಿ ಮಳೆನೀರಿಗೆ ಬಿಟ್ಟಿದ್ದ ಕಿಂಡಿಯಿಂದ ಒಂದು ಕಂದು ನಾಯಿ ನುಸುಳಿ ಬಂತು. ಬಗ್ಗಿ ನೋಡಿದೆ. ಒಳಗೆ ಹುಲ್ಲಿನ ನಡುವೆ ಅದು ದಿನಾ ಓಡಾಡಿ ಸವೆಸಿದ ತೆಳ್ಳನೆಯ ಗೆರೆ, ನೆಟ್ಟಗೆ ಹೊಂಗೆ ಮರದ ಕಡೆಗೆ.