ಹಾಡು ಅಳಸಬ್ಯಾಡ್ರಿ, ವಿಂಡೋಸ್ ಮಡಚ್ರಿ

ಅಕ್ಕಗೋಳ, ವೈನಿಗೋಳ, ಲ್ಯಾಪ್‌ಟಾಪಿನಾಗ ಜಾಗಾ ಸಾಲವಲ್ದು ಅಂದಕೂಡಲೇ ಎಲ್ಲಾರೂ ಮೊದಲು ಕೈ ಹಾಕೂದು ನಮ್ಮ ಫೋಟೋ, ಹಾಡಿನ ಮ್ಯಾಲೆ. ಮನಿ ತುಂಬೇದ ಅಂತ ದೇವರ ಮನಿ ಖಾಲಿ ಮಾಡಿಧಂಗ ಇದು. ಜಾಗಾ ಹಿಡಿದು ಕೂತವರು ಯಾರು ಅಂತ ಮೊದಲು ನೋಡಬೇಕು.

ನಮ್ಮ ಮನಿ ಸಣ್ಣ ಲ್ಯಾಪ್‌ಟಾಪಿನಾಗ ಇರೂ ಜಾಗಾನ 32 ಜಿಬಿ. ಒಳಗ ನೋಡಿದ್ರ ಸುಮಾರು 29 ಅಂತ ತೋರಸ್ತದ. ಯಾಕಂದ್ರ ಮಾಡಿದವರು ಸಾವಿರದ ಲೆಕ್ಕಾ ಹಿಡೀತಾರ, ವಿಂಡೋಸ್ 1024ರ ಲೆಕ್ಕಾ ಹಿಡೀತದ. ಅದರಾಗ ಅರ್ಧಕ್ಕಿಂತ ಹೆಚ್ಚು ವಿಂಡೋಸ್ 10 ತಾನ ತುಂಬಿಕೊಂಡಿತ್ತು. ಉಳಿದದ್ದರಾಗ ನಮ್ಮತ್ತಿಯವರ ದನಿ. ಅವರು ಹೋಗೂಕಿಂತ ಎರಡು ವರ್ಷ ಮೊದಲು ಕೂಡಿಸಿಕೊಂಡು ರೆಕಾರ್ಡ್ ಮಾಡಿದ ಆರತಿ ಹಾಡು, ಬೀಸೂ ಹಾಡು, ತೊಟ್ಟಿಲ ಹಾಡು. ಅಪ್‌ಡೇಟಿಗೆ ಜಾಗಾ ಇಲ್ಲ ಅಂತ ಲ್ಯಾಪ್‌ಟಾಪ್ ಹಟಾ ಹಿಡಿದಾಗ ರಿಪೇರಿ ಹುಡುಗ, "ಎಲ್ಲಾ ಅಳಿಸಿ ಹೊಸದಾಗಿ ಹಾಕ್ತೀನ್ರಿ ಆಂಟಿ" ಅಂದ. "ಬ್ಯಾಡಪಾ" ಅಂದು ಮನಿಗೆ ತಂದೆ. ಅಣ್ಣನ ಮಗಳು ಬೆಂಗಳೂರಿನಿಂದ ಫೋನಿನ್ಯಾಗ ಒಂದೊಂದ ಹೇಳಿಕೊಟ್ಟಳು.

ಮೊದಲು ಹಾಡಿನ ಎರಡು ನಕಲು. ಒಂದು ಪೆನ್‌ಡ್ರೈವ್ ನನ್ನ ಕಪಾಟಿನಾಗ, ಇನ್ನೊಂದು ನಾದಿನಿ ಮನ್ಯಾಗ.

ಆಮ್ಯಾಲೆ ಡಿಸ್ಕ್ ಕ್ಲೀನಪ್. ಅಪ್‌ಡೇಟಿನ ಹಳೇ ಕಸಾ ಅದರಾಗ ಹೋತು. ದೊಡ್ಡ ಅಪ್‌ಡೇಟ್ ಆದಮ್ಯಾಲೆ ವಿಂಡೋಸ್ ತನ್ನ ಹಳೇ ಸಂಸಾರಾನೂ ಗಂಟು ಕಟ್ಟಿ ಇಟ್ಟಿರ್ತದ, ಹೊಸಾದು ಒಗ್ಗದಿದ್ರ ತಿರುಗಿ ಹೋಗಲಿಕ್ಕೆ. ಸಾಮಾನ್ಯವಾಗಿ ಹತ್ತು ದಿನಕ್ಕ ತಾನ ತಗೀತದ. ಹೊಸಾದು ಛಲೋ ನಡದದ ಅಂದ್ರ ನಾವೂ ತಗೀಬಹುದು.

ಮೂರನೇದು ಹೈಬರ್ನೇಟ್. ಮಷೀನು ಮಲಗೂ ಮುಂದ ತನ್ನ ನೆನಪೆಲ್ಲಾ ಬರದಿಡಲಿಕ್ಕೆ ಮೊದಲ ಜಾಗಾ ಕಾಯ್ದಿಟ್ಟಿರ್ತದ, ಬಾರದ ಬೀಗರಿಗೆ ಹಾಸಿಗಿ ಹಾಸಿಟ್ಟಂಗ. ನಮ್ಮದು 4 ಜಿಬಿ ರ‍್ಯಾಮ್; ಅದನ್ನ ಬಂದ್ ಮಾಡಿದ್ದಕ್ಕ ಸುಮಾರು ಒಂದೂವರಿ ಜಿಬಿ ಬಿಡುವಾತು. ಈಗ ಚಾಲೂ ಆಗಲಿಕ್ಕೆ ಒಂದೀಟು ತಡಾ ಆಗ್ತದ, ಅಷ್ಟ.

ಕಡೀಕ ಕಾಂಪ್ಯಾಕ್ಟ್ ಓಎಸ್. ಇದು ವಿಂಡೋಸ್ 10ರಾಗ ಬಂದ ಸವಲತ್ತು, ಬ್ಯಾರೆ ಏನೂ ಕೊಳ್ಳೂದು ಬ್ಯಾಡ. ಕೌದಿ ಘಟ್ಟಿ ಸುತ್ತಿ ಟ್ರಂಕಿನ್ಯಾಗ ಒತ್ತಿಧಂಗ ವಿಂಡೋಸ್ ತನ್ನ ಕಡತಾ ತಾನ ಒತ್ತಿಕೊಳ್ತದ. ನಮ್ಮ ಹಾಡು, ಫೋಟೋ ಮುಟ್ಟಂಗಿಲ್ಲ. ಬೇಕಾದಾಗ ಬಿಚ್ಚಿ ಓದಬೇಕಲ್ಲ, ಪ್ರೊಸೆಸರಿಗೆ ಸ್ವಲ್ಪ ಕೆಲಸಾ ಹೆಚ್ಚು. ಇಪ್ಪತ್ತು ನಿಮಿಷ ಹಿಡೀತು, ಎರಡು ಜಿಬಿ ಉಳೀತು. ಬ್ಯಾಡ ಅನಿಸಿದ್ರ ಮೊದಲಿನಂಗ ಮಾಡ್ಲಿಕ್ಕೂ ಬರ್ತದ.

ಒಂದು ಮಾತು. ವಿಂಡೋಸ್ ಫೋಲ್ಡರಿನ್ಯಾಗ ಹೋಗಿ ದೊಡ್ಡದು ಕಂಡದ್ದನ್ನ ಕೈಲೆ ಅಳಸಬ್ಯಾಡ್ರಿ. ಅಲ್ಲೆ ಯಾವುದು ಕಂಬ, ಯಾವುದು ಕಸಾ ಅಂತ ನಮಗ ತಿಳಿಯಂಗಿಲ್ಲ.

ವಿಂಡೋಸ್ 11ಕ್ಕ 64 ಜಿಬಿ ಬೇಕು, ನಮ್ಮ ಮಷೀನಿಗೆ ಆ ದಾರಿ ಇಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲಾನೂ 2025ರ ಅಕ್ಟೋಬರ್ 14ಕ್ಕ ಮುಗೀತು. ಅದಕ್ಕ ಬ್ಯಾಂಕಿನ ಕೆಲಸಾ ಅದರಾಗ ಮಾಡಂಗಿಲ್ಲ, ಇಂಟರ್ನೆಟ್ಟೂ ಹಚ್ಚಂಗಿಲ್ಲ. ಶ್ರಾವಣ ಶುಕ್ರವಾರ ಆರತಿ ಮುಂದ ಅತ್ತಿಯವರ ದನಿ ಹಚ್ಚತೀವಿ, ಸೊಸಿ ಕೂಡ ದನಿಗೂಡಸ್ತಾಳ. ನಿಮ್ಮ ಮನ್ಯಾಗೂ ಹಿರೇರ ದನಿ ಎಲ್ಲೆರೆ ಇದ್ರ, ಇವತ್ತ ಎರಡು ನಕಲು ಮಾಡಿಡ್ರಿ.