ಬಿಗಿದ ಪಟ್ಟಿ, ಕಲಿತ ಪಾಠ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿದಾಗ, ನಮ್ಮ ಮಕ್ಕಳು ಆಟೋಟಗಳಲ್ಲಿ ಗಳಿಸಿದ ಬಹುಮಾನಗಳ ಕುರಿತು ನಾನು ಬರೆಯುವೆನೆಂದು ಅವರು ನಿರೀಕ್ಷಿಸಿದ್ದಿರಬೇಕು. ಆ ಕಾರ್ಯವನ್ನು ಇತರರು ಚೆನ್ನಾಗಿಯೇ ಮಾಡುತ್ತಾರೆ. ನಾನು ಹೇಳಬೇಕೆಂದಿರುವುದು ನನ್ನದೇ ಒಂದು ತಪ್ಪಿನ ಕಥೆ.

1986ರಲ್ಲಿ ತರಗತಿಯ ಪಾಠಗಳ ಜೊತೆಗೆ ಆಟೋಟಗಳ ಹೊಣೆಯೂ ನನ್ನ ಮೇಲಿತ್ತು. ಉಪಜಿಲ್ಲಾ ಕ್ರೀಡಾಕೂಟದ ಮೊದಲ ದಿನ ಏಳನೆಯ ತರಗತಿಯ ಹುಡುಗನೊಬ್ಬ ಎರಡು ಕಬಡ್ಡಿ ಪಂದ್ಯಗಳನ್ನಾಡಿದ. ಮರುದಿನ ಅವನಿಗೆ 600 ಮೀಟರ್ ಓಟವಿತ್ತು. ಸಂಜೆಯ ಹೊತ್ತಿಗೆ ಅವನ ಮೀನಖಂಡಗಳು ಕಲ್ಲಿನಂತಾಗಿದ್ದವು. ಪಟ್ಟಿ ಕಟ್ಟಿದರೆ ನೋವು ಇಳಿಯುತ್ತದೆಂದು ಎಲ್ಲೋ ಓದಿದ್ದ ನಾನು, ಕ್ರೇಪ್ ಬ್ಯಾಂಡೇಜನ್ನು ಮೊಣಕಾಲಿನ ಕೆಳಗಿನಿಂದ ಆರಂಭಿಸಿ, ಅಲ್ಲಿಯೇ ಹೆಚ್ಚು ಬಿಗಿಯಾಗುವಂತೆ ಎರಡೂ ಕಾಲುಗಳಿಗೆ ಸುತ್ತಿ ಅವನನ್ನು ಮನೆಗೆ ಕಳುಹಿಸಿದೆ.

ರಾತ್ರಿ ಅವನ ಪಾದಗಳು ಜೋಮು ಹಿಡಿದು ನೀಲಿಗಟ್ಟಿದವು. ತಾಯಿ ಬಿಚ್ಚಲು ಬಂದರೆ, "ಮಾಸ್ಟ್ರು ಕಟ್ಟಿದ್ದು, ಬಿಚ್ಚಬಾರದು" ಎಂದು ಅವನು ತಡೆದನಂತೆ. ಕೊನೆಗೆ ಆಕೆಯೇ ಗದರಿಸಿ ಬಿಚ್ಚಿದರು. ಬೆಳಗ್ಗೆ ಈ ಸಂಗತಿ ತಿಳಿದ ಮೇಲೂ ನನಗೆ ವಿವೇಕ ಬರಲಿಲ್ಲ. ಪಟ್ಟಿಯನ್ನು ಸ್ವಲ್ಪ ಸಡಿಲವಾಗಿ ಮತ್ತೆ ಕಟ್ಟಿ ಅವನನ್ನು ಓಡಿಸಿದೆ. ಎರಡನೆಯ ಸ್ಥಾನ ಬಂತು, ಚಪ್ಪಾಳೆಯೂ ಬಂತು. ಅವನು ಒಂದು ತಿಂಗಳು ಕುಂಟಿದ. ಅನಂತರ ಓಟದ ಸ್ಪರ್ಧೆಗೆ ನಿಲ್ಲಲೇ ಇಲ್ಲ.

ಆ ಪಟ್ಟಿಯ ವಿದ್ಯೆಯನ್ನು ನಾನು ಸರಿಯಾಗಿ ಅರಿತದ್ದು ಬಹುಕಾಲದ ನಂತರ. ಹೃದಯವು ರಕ್ತವನ್ನು ಕಾಲಿಗೆ ತಳ್ಳುತ್ತದೆ. ಆದರೆ ಅಲ್ಲಿಂದ ಮೇಲಕ್ಕೆ ಮರಳಿಸುವಲ್ಲಿ ಮೀನಖಂಡದ ಪಾತ್ರ ದೊಡ್ಡದು. ಸ್ನಾಯು ಸಂಕುಚಿಸಿದಾಗಲೆಲ್ಲ ಅಭಿಧಮನಿಗಳು ಹಿಂಡಲ್ಪಟ್ಟು ರಕ್ತ ಮೇಲೇರುತ್ತದೆ. ಅದು ಕೆಳಗಿಳಿಯದಂತೆ ಒಳಗಿನ ಕವಾಟಗಳು ತಡೆಯುತ್ತವೆ. ಹೊರಗಿನಿಂದ ಹದವಾದ ಒತ್ತಡ ಕೊಟ್ಟರೆ ಈ ಕೆಲಸಕ್ಕೆ ನೆರವಾಗುತ್ತದೆ, ಊತವೂ ಕಡಿಮೆಯಾಗುತ್ತದೆ. ಆದರೆ ಒತ್ತಡವು ಹರಡಿನ ಬಳಿ ಹೆಚ್ಚಾಗಿದ್ದು, ಮೇಲೇರಿದಂತೆ ಇಳಿಯುತ್ತ ಹೋಗಬೇಕು. ನಾನು ಮಾಡಿದ್ದು ಇದಕ್ಕೆ ತೀರಾ ವಿರುದ್ಧ. ಮೇಲೆ ಬಿಗಿದು ಹಿಂದಿರುಗುವ ದಾರಿಯನ್ನೇ ಕಟ್ಟಿಬಿಟ್ಟಿದ್ದೆ.

ಈ ತತ್ತ್ವವನ್ನು ಕಾಲುಚೀಲಕ್ಕೆ ಅಳವಡಿಸಿದ ಕಾನ್ರಾಡ್ ಜಾಬ್‌ಸ್ಟ್ ಎಂಬವರು ಜರ್ಮನಿಯಲ್ಲಿ ಹುಟ್ಟಿ ಅಮೆರಿಕದ ಟೊಲೆಡೊ ನಗರದಲ್ಲಿ ನೆಲೆಸಿದ್ದ ಎಂಜಿನಿಯರ್. ಸ್ವತಃ ಅಭಿಧಮನಿಗಳ ತೊಂದರೆಯಿಂದ ಬಳಲುತ್ತಿದ್ದ ಅವರಿಗೆ ಈಜುಕೊಳದಲ್ಲಿ ನಿಂತಾಗ ಕಾಲಿನ ನೋವು ಶಮನವಾಗುತ್ತಿತ್ತು. ನೀರು ಆಳವಾದಂತೆ ಒತ್ತಡ ಹೆಚ್ಚುವುದೇ ಇದಕ್ಕೆ ಕಾರಣವೆಂದು ಕಂಡುಕೊಂಡು, 1950ರ ಸುಮಾರಿಗೆ ಅಂತಹುದೇ ಒತ್ತಡ ಕೊಡುವ ಕಾಲುಚೀಲವನ್ನು ಅವರು ರೂಪಿಸಿದರು. ಒಂದು ಮೀಟರ್ ಆಳದ ನೀರಿನಲ್ಲಿ ನಿಂತರೆ ಪಾದದ ಮೇಲೆ ಬೀಳುವ ಹೆಚ್ಚಿನ ಒತ್ತಡ ಸುಮಾರು 73 ಮಿಲಿಮೀಟರ್ ಪಾದರಸದಷ್ಟು. ಅರ್ಧ ಮೀಟರ್ ಆಳದಲ್ಲಿ ಅದರ ಅರ್ಧ. ಇದನ್ನು ಓದಿದಾಗ ನನಗೆ ನಮ್ಮೂರ ಮದಕದ ನೆನಪಾಯಿತು. ಆಟ ಮುಗಿಸಿ ಸೊಂಟದವರೆಗಿನ ನೀರಿನಲ್ಲಿ ನಿಂತಿರುತ್ತಿದ್ದ ಮಕ್ಕಳನ್ನು "ಹೊತ್ತಾಯಿತು, ಮೇಲೆ ಬನ್ನಿ" ಎಂದು ಗದರಿಸುತ್ತಿದ್ದವನು ನಾನೇ!

ಇಂದು ಕ್ರೀಡಾಪಟುಗಳು ಬಳಸುವ ಕಾಲುಚೀಲಗಳ ಒತ್ತಡ ಸಾಮಾನ್ಯವಾಗಿ 15ರಿಂದ 30 ಮಿಲಿಮೀಟರ್ ಪಾದರಸದಷ್ಟು. 2003ರ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಬರೆದ ಪೌಲಾ ರ‍್ಯಾಡ್‌ಕ್ಲಿಫ್ ಮೊಣಕಾಲಿನವರೆಗಿನ ಇಂತಹ ಚೀಲಗಳನ್ನು ತೊಟ್ಟೇ ಓಡಿದವರು. ಗಾಳಿ ತುಂಬಿಕೊಂಡು ಪಾದದಿಂದ ತೊಡೆಯವರೆಗೆ ಸರದಿಯಂತೆ ಒತ್ತುವ ಯಂತ್ರದ ಚೀಲಗಳೂ ಬಂದಿವೆ.

ಆದರೆ ಇದೇನೂ ಮಾಯಾವಿದ್ಯೆಯಲ್ಲ. ಕಠಿಣ ವ್ಯಾಯಾಮದ ಅನಂತರ ಇಂತಹ ಉಡುಪು ಧರಿಸಿದರೆ ನೋವು ಸ್ವಲ್ಪ ತಗ್ಗುತ್ತದೆ, ಸ್ನಾಯುವಿನ ಶಕ್ತಿ ಕೊಂಚ ಬೇಗ ಮರಳುತ್ತದೆ ಎಂದು ಹಲವು ಅಧ್ಯಯನಗಳು ಕಂಡಿವೆ. ಧರಿಸಿದವನಿಗೆ ತಾನು ಧರಿಸಿದ್ದೇನೆಂಬ ಅರಿವಿರುವುದರಿಂದ, ಇದರಲ್ಲಿ ನಂಬಿಕೆಯ ಪಾಲೆಷ್ಟೆಂದು ಬೇರ್ಪಡಿಸುವುದು ಕಷ್ಟ. ಓಟದ ವೇಗ ಹೆಚ್ಚುತ್ತದೆಂಬ ಮಾತಿಗಂತೂ ಬಲವಾದ ಆಧಾರವಿಲ್ಲ. ಮರುದಿನದ ನೋವಿಗೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ, ಅದೂ ತಪ್ಪು. ಅದು ಒಂದೆರಡು ತಾಸಿನೊಳಗೇ ರಕ್ತದಿಂದ ತೆರವಾಗುತ್ತದೆ. ಒಂದರಿಂದ ಮೂರು ದಿನಗಳವರೆಗೆ ಕಾಡುವ ನೋವು ಸ್ನಾಯುತಂತುಗಳಲ್ಲಿ ಉಂಟಾಗುವ ಸೂಕ್ಷ್ಮ ಘಾಸಿಗೆ ಸಂಬಂಧಿಸಿದ್ದು. ಆ ಘಾಸಿ ಮಾಯಲು ಕಾಲ ಬೇಕು, ನಿದ್ರೆ ಬೇಕು, ಆಹಾರ ಬೇಕು.

1978ರಲ್ಲಿ ಗೇಬ್ ಮರ್ಕಿನ್ ಎಂಬ ವೈದ್ಯರು ಗಾಯಗಳ ಉಪಚಾರಕ್ಕೆ ನಾಲ್ಕು ಸೂತ್ರಗಳನ್ನು ಕೊಟ್ಟರು: ವಿಶ್ರಾಂತಿ, ಮಂಜುಗಡ್ಡೆ, ಒತ್ತುಪಟ್ಟಿ, ಪೆಟ್ಟಾದ ಅಂಗವನ್ನು ಎತ್ತರದಲ್ಲಿರಿಸುವುದು. ಮಂಜುಗಡ್ಡೆಯ ವಿಚಾರದಲ್ಲಿ ಅವರೇ ಮುಂದೆ ಅಭಿಪ್ರಾಯ ಬದಲಿಸಿದರು. ನಾನಾದರೋ ಮೂರನೆಯ ಸೂತ್ರವನ್ನು ಹಿಡಿದುಕೊಂಡು ಮೊದಲನೆಯದನ್ನು ಮರೆತಿದ್ದೆ. ಓಡಬಾರದ ಮಗುವನ್ನು ಓಡಿಸಲು ಪಟ್ಟಿಯನ್ನು ನೆಪವಾಗಿಸಿಕೊಂಡಿದ್ದೆ. ಬಿಗಿದ ರೀತಿಗಿಂತಲೂ ದೊಡ್ಡ ತಪ್ಪು ಅದು.

ಕಳೆದ ವರ್ಷ ಆ ಹುಡುಗ, ಈಗ ನರೆತ ತಲೆಯ ಗೃಹಸ್ಥ, ಓಟಗಾರ್ತಿಯಾದ ಮಗಳೊಂದಿಗೆ ನಮ್ಮ ಮನೆಗೆ ಬಂದಿದ್ದ. ಆಕೆಯ ಕೈಯಲ್ಲಿ ಹೊಸ ಕಾಲುಚೀಲಗಳ ಪೊಟ್ಟಣವಿತ್ತು. "ಎಷ್ಟು ಬಿಗಿ ಇರಬೇಕು ಮಾಸ್ಟ್ರೇ, ನೀವೇ ಹೇಳಿ" ಎಂದು ಅವನು ನಕ್ಕ. ಅಂದು ಕೇಳಬೇಕಾಗಿದ್ದ ಕ್ಷಮೆಯನ್ನು ನಾನು ಅಂದೇ ಕೇಳಿದೆ. "ಬಿಡಿ ಮಾಸ್ಟ್ರೇ, ನನಗೂ ಓಡಬೇಕೆಂದಿತ್ತಲ್ಲ" ಎಂದ.

ಆ ಹುಡುಗಿಗೆ ಹೇಳಿದ್ದನ್ನೇ ಇಂದಿನ ಅಧ್ಯಾಪಕ ಬಂಧುಗಳಿಗೂ ಹೇಳುತ್ತೇನೆ. ಕಾಲಿನ ಅಳತೆ ನೋಡಿ ಚೀಲವನ್ನು ಆರಿಸಿಕೊಳ್ಳಿ. ಪಟ್ಟಿಯಾದರೆ ಪಾದದಿಂದ ಮೇಲಕ್ಕೆ ಸುತ್ತಿ, ಮೇಲೇರಿದಂತೆ ಸಡಿಲಿಸಿ. ಜೋಮು ಹಿಡಿದರೆ, ಬೆರಳು ತಣ್ಣಗಾದರೆ, ಬಣ್ಣ ಬದಲಾದರೆ ತಕ್ಷಣ ಬಿಚ್ಚಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು, ಅಪಧಮನಿಗಳ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ತೊಡಬಾರದು. ಒಂದೇ ಕಾಲು ಊದಿ ನೋಯುತ್ತಿದ್ದರೆ ಅದನ್ನು ಆಟದ ಆಯಾಸವೆಂದು ತಳ್ಳಿಹಾಕದೆ ವೈದ್ಯರಲ್ಲಿಗೆ ಹೋಗಬೇಕು.

ಎಲ್ಲಕ್ಕಿಂತ ಮಿಗಿಲಾಗಿ, "ಮಾಸ್ಟ್ರು ಕಟ್ಟಿದ್ದು" ಎಂದು ಮಗು ನೋವನ್ನು ನುಂಗಿಕೊಳ್ಳುವಂತಾಗಬಾರದು. ನೋವಾಗುತ್ತಿದೆ ಎಂದು ಹೇಳುವ ಧೈರ್ಯವನ್ನು ಮಕ್ಕಳಿಗೆ ಕೊಡುವ ಶಾಲೆಯಾಗಿ ನಮ್ಮೀ ಕನ್ನಡ ಶಾಲೆ ಶತಮಾನೋತ್ಸವವನ್ನೂ ಕಾಣಲೆಂದು ಹಾರೈಸುತ್ತೇನೆ.