ಸುಮ್ಮನಿರುವುದರ ಕಾವು

ಕೆಲಸವೆಂದರೆ ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬೇಕು ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಕಚೇರಿಯಲ್ಲಿ ಕಡತಗಳನ್ನು ಹೊತ್ತು ಅತ್ತಿಂದಿತ್ತ ಓಡಾಡುವವನು ಮಹಾ ದುಡಿಮೆಗಾರನೆನಿಸುತ್ತಾನೆ. ಮೂಲೆಯಲ್ಲಿ ಕುಳಿತು ಯೋಚಿಸುವವನು ಸೋಮಾರಿಯೆನಿಸುತ್ತಾನೆ. ಹೀಗಿರುವಾಗ, ಮೇಜಿನ ಮೇಲೆ ತೆಪ್ಪಗೆ ಮಲಗಿದ್ದ ಫೋನು ತನ್ನಷ್ಟಕ್ಕೆ ತಾನೇ ಬಿಸಿಯಾದರೆ ನಮಗೆ ದಿಗಿಲಾಗದೆ ಇದ್ದೀತೆ? ಯಾರೂ ಅದನ್ನು ಮುಟ್ಟಿಲ್ಲ, ಅದರಲ್ಲಿ ಯಾರೂ ಮಾತನಾಡಿಲ್ಲ. ಆದರೂ ಬೆಳಿಗ್ಗೆ ತುಂಬಿದ್ದ ಬ್ಯಾಟರಿ ಮಧ್ಯಾಹ್ನಕ್ಕೆ ಅರ್ಧಕ್ಕಿಳಿದಿದೆ!

ಈ ದಿಗಿಲು ಸಾಮಾನ್ಯವಾಗಿ ಹುಟ್ಟುವುದು ದೊಡ್ಡದೊಂದು ಅಪ್‌ಡೇಟ್ ಆದ ಮರುದಿನ. ಪರದೆಯ ಮೇಲಿನ ಗೆರೆ ಕೊನೆ ಮುಟ್ಟಿತು, ಫೋನು ಮತ್ತೆ ಎದ್ದಿತು, ಕೆಲಸ ಮುಗಿಯಿತು ಎಂದು ನಾವು ತಿಳಿಯುತ್ತೇವೆ. ನಿಜವಾಗಿ ನೋಡಿದರೆ ಅದರ ಕೆಲಸ ಮೊದಲಾಗುವುದೇ ಆಗ. ಒಂದು ಗ್ರಂಥಾಲಯವನ್ನು ಹೊಸ ಕಟ್ಟಡಕ್ಕೆ ಸಾಗಿಸಿದರೆಂದು ಭಾವಿಸಿ. ಪುಸ್ತಕಗಳನ್ನೆಲ್ಲ ಒಂದೇ ದಿನದಲ್ಲಿ ಹೊತ್ತು ತಂದು ಹಾಕಬಹುದು. ಆದರೆ ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಹೊಸದಾಗಿ ಪಟ್ಟಿ ಬರೆಯಲು ಗ್ರಂಥಪಾಲರು ಬಾಗಿಲು ಮುಚ್ಚಿಕೊಂಡು ಹಲವು ದಿನ ದುಡಿಯಬೇಕು. ಹೊರಗೆ ನಿಂತವರಿಗೆ ಕಾಣುವುದು ಮುಚ್ಚಿದ ಬಾಗಿಲು ಮಾತ್ರ.

ಫೋನಿನೊಳಗೂ ಇದೇ ವ್ಯವಹಾರ. ನಾವು ಮುಂದೆ ಏನನ್ನಾದರೂ ಹುಡುಕಿದಾಗ ಥಟ್ಟನೆ ದೊರೆಯಲೆಂದು ಅದು ಪತ್ರಗಳಿಗೆ, ಕಡತಗಳಿಗೆ ಹೊಸ ಅನುಕ್ರಮಣಿಕೆ ಬರೆಯುತ್ತದೆ. ಆಪ್‌ಗಳನ್ನು ಹೊಸ ವ್ಯವಸ್ಥೆಗೆ ಹೊಂದಿಸುತ್ತದೆ. ಅನೇಕ ಫೋನುಗಳು ಸಾವಿರಾರು ಭಾವಚಿತ್ರಗಳನ್ನು ಒಂದೊಂದಾಗಿ ನೋಡಿ, ಯಾವ ಮುಖ ಯಾರದೆಂದು ಗುಂಪುಗೂಡಿಸುತ್ತವೆ. ಆಂಡ್ರಾಯ್ಡ್ ಫೋನುಗಳಲ್ಲಿ 2014ರ ಐದನೆಯ ಆವೃತ್ತಿಯ ಕಾಲಕ್ಕೆ ಆಪ್‌ಗಳನ್ನು ಸಿದ್ಧಪಡಿಸುವ ಕೆಲಸ ನಮ್ಮ ಕಣ್ಣೆದುರೇ ನಡೆಯುತ್ತಿತ್ತು. ಇಷ್ಟರಲ್ಲಿ ಇಷ್ಟು ಮುಗಿಯಿತೆಂದು ಪರದೆ ಲೆಕ್ಕ ಹೇಳುತ್ತಿತ್ತು, ನಾವು ಕೈಕಟ್ಟಿ ಕಾಯುತ್ತಿದ್ದೆವು. 2016ರ ಏಳನೆಯ ಆವೃತ್ತಿಯಿಂದ ಅದರ ಬಹುಪಾಲು ಹಿನ್ನೆಲೆಗೆ ಸರಿದು, ಫೋನು ಬಿಡುವಾಗಿ ಚಾರ್ಜಿಗೆ ಕುಳಿತ ಹೊತ್ತಿನಲ್ಲಿ ನಡೆಯತೊಡಗಿತು. ಕಾಯುವ ಕಷ್ಟ ತಪ್ಪಿತು, ಅದರ ಜಾಗದಲ್ಲಿ ಅನುಮಾನ ಬಂದು ಕುಳಿತಿತು. 2025ರ ಸೆಪ್ಟೆಂಬರಿನಲ್ಲಿ ಐಒಎಸ್ 26 ಹೊರಬಂದಾಗ, ದೊಡ್ಡ ಅಪ್‌ಡೇಟ್ ಆದೊಡನೆ ಬ್ಯಾಟರಿ ಬೇಗ ಇಳಿಯುವುದೂ ಫೋನು ಬಿಸಿಯಾಗುವುದೂ ಸಹಜ, ತಾತ್ಕಾಲಿಕ ಎಂದು ಆಪಲ್ ಸಂಸ್ಥೆಯೇ ಬಳಕೆದಾರರಿಗೆ ತಿಳಿಯಹೇಳಬೇಕಾಯಿತು.

ಕಳೆದ ಏಪ್ರಿಲ್ ತಿಂಗಳಲ್ಲಿ ನಮ್ಮ ತಾಜಸುಲ್ತಾನಪುರದ ಮನೆಯಲ್ಲಿ ಈ ಪ್ರಸಂಗ ಬಂದೊದಗಿತು. ನಮ್ಮಪ್ಪ ಬದುಕಿನ ಬಹುಭಾಗವನ್ನು ಕಮಲಾಪುರದ ಹೊಲದಲ್ಲಿ, ಅಲ್ಲಿನ ಹೆಸರಾಂತ ಕೆಂಪು ಬಾಳೆಯ ನಡುವೆ ಕಳೆದವರು. ಅವ್ವ ತೀರಿಕೊಂಡ ಮೇಲೆ ನಮ್ಮೊಡನೆ ಬಂದು ನೆಲೆಸಿದ್ದಾರೆ. ಒಂದು ಬೆಳಿಗ್ಗೆ ಅವರು ಫೋನನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದು, “ತಮ್ಮಾ, ಇದಕ್ಕ ಜ್ವರ ಬಂದದ ನೋಡು” ಎಂದರು. ರಾತ್ರಿ ಅದು ತಾನಾಗಿಯೇ ಅಪ್‌ಡೇಟ್ ಆಗಿತ್ತು. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದರ ಹುಡುಗ ಅದನ್ನು ನೋಡಿ, “ಸರ, ಪೂರಾ ಸಾಫ್ ಮಾಡಿ ಕೊಡ್ತೀನ್ರಿ, ಅರ್ಧ ತಾಸಿನ ಕೆಲಸ” ಎಂದು ಉತ್ಸಾಹದಿಂದ ಕೈಚಾಚಿದ.

ಸಾಫ್ ಮಾಡುವುದೆಂದರೇನು? ಅಪ್ಪ ಹೊಲದಲ್ಲಿದ್ದಾಗ ಅವ್ವ ಕಳಿಸುತ್ತಿದ್ದ ಧ್ವನಿಯ ಸಂದೇಶಗಳು ಆ ಫೋನಿನಲ್ಲಲ್ಲದೆ ಬೇರೆಲ್ಲಿಯೂ ಇರಲಿಲ್ಲ. ‘ಉಂಡಿರೇನು, ಬಿಸಿಲಾಗ ನಿಂದರಬ್ಯಾಡ್ರಿ’ ಎನ್ನುವಷ್ಟೇ ಮಾತು. ಅಪ್ಪ ಇಂದಿಗೂ ಸಂಜೆ ಅದನ್ನು ಕೇಳುತ್ತಾರೆ. ನಾನು ಫೋನನ್ನು ಮರಳಿ ತಂದೆ. ಮೊದಲು ಆ ಸಂದೇಶಗಳನ್ನೂ ಚಿತ್ರಗಳನ್ನೂ ಕಂಪ್ಯೂಟರಿಗೆ ನಕಲು ಮಾಡಿಕೊಂಡು, ಬಳಿಕ ಅದರ ರಬ್ಬರಿನ ಕವಚ ತೆಗೆದು, ರಾತ್ರಿ ಕೂಲರಿನ ಗಾಳಿ ಬರುವೆಡೆ ಚಾರ್ಜಿಗಿಟ್ಟು, ಇನ್ನೆರಡು ದಿನ ಅದನ್ನು ಅದರ ಪಾಡಿಗೆ ಬಿಡಬೇಕೆಂದು ಅಪ್ಪನಿಗೆ ಹೇಳಿದೆ. ಅವರಿಗೆ ವಿವರಣೆಯ ಅಗತ್ಯವೇ ಬೀಳಲಿಲ್ಲ. “ಬಾಳಿಕಾಯಿ ಹಣ್ಣಾಗಲಿಕ್ಕ ಮುಚ್ಚಿಟ್ಟಾಗೂ ಹಿಂಗೇ ಕಾವು ಬರ್ತದ. ನಡುನಡುವ ತೆಗದು ನೋಡಬಾರದು” ಎಂದರು. ಮಾಗುವ ಕಾಯಿ ಉಸಿರಾಡಿ ಶಾಖವನ್ನು ಹೊರಬಿಡುತ್ತದೆಂಬುದು ಸಸ್ಯಶಾಸ್ತ್ರದ ಮಾತು. ಅಪ್ಪನಿಗೆ ಅದು ಅಂಗೈಯ ಅನುಭವ.

ನಮ್ಮ ಊರಿನ ಬಿಸಿಲೂ ಇಲ್ಲಿ ಪಾಲುದಾರನೆಂಬುದನ್ನು ಮರೆಯಬಾರದು. ಹೊರಗಿನ ಉಷ್ಣತೆ 35 ಡಿಗ್ರಿ ಮೀರದೆಡೆ ಫೋನನ್ನು ಬಳಸಿರೆಂದು ಆಪಲ್ ಹೇಳುತ್ತದೆ; ಕಲಬುರಗಿಯ ಬೇಸಗೆಯಾದರೋ 40ನ್ನು ಸಲೀಸಾಗಿ ದಾಟುತ್ತದೆ. ತೀರ ಬಿಸಿಯಾದ ಫೋನು ತನ್ನ ರಕ್ಷಣೆಗಾಗಿ ವೇಗ ತಗ್ಗಿಸುತ್ತದೆ, ಚಾರ್ಜನ್ನೂ ನಿಧಾನಿಸುತ್ತದೆ. ಆಗ ಒಳಗಿನ ಕೆಲಸ ಇನ್ನಷ್ಟು ಲಂಬಿಸುತ್ತದೆ. ಹಾಗೆಂದು ಅದನ್ನು ಫ್ರಿಜ್ಜಿನಲ್ಲಿಡುವ ಸಾಹಸ ಬೇಡ. ಒಳಗೆ ನೀರಹನಿ ಕಟ್ಟೀತು. ತಾಳ್ಮೆಗೂ ಒಂದು ಮಿತಿ ಉಂಟು. ವಾರ ಕಳೆದರೂ ಕಾವು ಇಳಿಯದಿದ್ದರೆ, ಯಾವ ಆಪ್ ಎಷ್ಟು ನುಂಗುತ್ತಿದೆಯೆಂದು ಸೆಟ್ಟಿಂಗ್ಸ್‌ನ ಬ್ಯಾಟರಿ ಪುಟದಲ್ಲಿ ನೋಡಬೇಕು. ಫೋನಿನ ಬೆನ್ನು ಉಬ್ಬಿದ್ದರಂತೂ ಚಾರ್ಜಿಗೆ ಹಾಕದೆ, ಕಾಯದೆ, ರಿಪೇರಿಯವರಲ್ಲಿಗೆ ಒಯ್ಯತಕ್ಕದ್ದು.

ನಮ್ಮ ಫೋನಿಗೆ ಅದಾವುದರ ಅಗತ್ಯವೂ ಬೀಳಲಿಲ್ಲ. ಮೂರನೆಯ ದಿನ ಅದು ತಣ್ಣಗಾಯಿತು. ಚಿತ್ರಗಳ ಪುಟ ತೆರೆದರೆ, ಅವ್ವನ ಮುಖವಿದ್ದ ಚಿತ್ರಗಳೆಲ್ಲ ಒಂದೆಡೆ ಸೇರಿದ್ದವು: ಮೊಮ್ಮಗಳ ಹೆಸರಿಡುವ ದಿನದ್ದು, ಶರಣಬಸವೇಶ್ವರರ ಜಾತ್ರೆಯದು, ಬಾಳೆಗೊನೆಯ ಪಕ್ಕದಲ್ಲಿ ಸೆರಗು ಸರಿಪಡಿಸಿಕೊಳ್ಳುತ್ತಿದ್ದುದು. ಅಪ್ಪ ಬಹಳ ಹೊತ್ತು ನೋಡಿದರು, ಏನೂ ಹೇಳಲಿಲ್ಲ. ಊರು ಬಿಟ್ಟು, ಜೊತೆಗಾತಿಯನ್ನು ಕಳೆದುಕೊಂಡು ಅವರು ಅಂಗಳದಲ್ಲಿ ಸುಮ್ಮನೆ ಕುಳಿತಿರುವ ಹೊತ್ತಿನಲ್ಲಿ, “ಹೊತ್ತು ಹೋಗುತ್ತಿಲ್ಲವೆಂದು ಕಾಣುತ್ತದೆ, ಟಿ.ವಿ. ಹಚ್ಚಿಕೊಡಿ” ಎಂದು ಬಂಧುಗಳು ಸಲಹೆ ನೀಡುವುದುಂಟು.

ಕಾಲೇಜಿನಲ್ಲಿಯೂ ಪ್ರತಿವರ್ಷ ಇಂಥದನ್ನೇ ಕಾಣುತ್ತೇನೆ. ಹಳ್ಳಿಯ ಶಾಲೆಯಿಂದ ನಗರಕ್ಕೆ ಬಂದ ಹುಡುಗ ಮೊದಲ ವಾರಗಳಲ್ಲಿ ಹಿಂದಿನ ಬೆಂಚಿನಲ್ಲಿ ಬಾಯಿಬಿಡದೆ ಕುಳಿತಿರುತ್ತಾನೆ. ಹೊಸ ಊರು, ಹೊಸ ಮಾತು, ಹಾಸ್ಟೆಲಿನ ಊಟ, ಮನೆಯ ನೆನಪು ಎಲ್ಲವನ್ನೂ ಅವನು ಒಳಗೆ ಜೋಡಿಸಿಕೊಳ್ಳಬೇಕು. ಅವನನ್ನು ದಡ್ಡನೆಂದು ಗುರುತು ಹಾಕಲು ನಮಗೆ ಅರ್ಧ ತಾಸು ಸಾಕು. ಫೋನಿಗೆ ನಾವೀಗ ಎರಡು ದಿನ ಕೊಡಲು ಕಲಿತಿದ್ದೇವೆ. ಅವನಿಗೆ ದಸರೆಯ ರಜೆಯವರೆಗಾದರೂ ಕೊಡೋಣ.